ಕೋಡಿಂಗ್ ಕಲಿತಾಯಿತು, ದುಡಿಮೆ ಎಲ್ಲಿಂದ? ಕಲಬುರಗಿಯ ಗಂಜ್ ಮಾರುಕಟ್ಟೆಯಿಂದಲೇ ಶುರುಮಾಡಬಹುದು

ಪೈಥಾನ್ ಇಲ್ಲವೇ ವೆಬ್ ಡೆವಲಪ್‌ಮೆಂಟ್ ಕಲಿತು, ಒಂದೆರಡು ಪ್ರಾಜೆಕ್ಟ್ ಮಾಡಿಟ್ಟುಕೊಂಡ ಕಲಬುರಗಿ, ಬೀದರ್, ಯಾದಗಿರಿಯ ಯುವಜನರ ಮುಂದೆ ಮೂರು ದಾರಿಗಳಿವೆ. ಬೆಂಗಳೂರು ಅಥವಾ ಹೈದರಾಬಾದಿನ ಕಂಪನಿ ನೌಕರಿ ಒಂದು. ಅಪ್‌ವರ್ಕ್, ಫೈವರ್‌ನಂಥ ತಾಣಗಳಲ್ಲಿ ಹೊರದೇಶದ ಗ್ರಾಹಕರಿಗೆ ಮಾಡಿಕೊಡುವ ಕೆಲಸ ಇನ್ನೊಂದು. ಊರಿನ ಅಂಗಡಿ, ಮಿಲ್ಲು, ಆಸ್ಪತ್ರೆ, ಕೋಚಿಂಗ್ ಸೆಂಟರ್‌ಗಳ ಕೆಲಸ ಮೂರನೆಯದು. ಬಹಳಷ್ಟು ಜನ ಇದೇ ಕ್ರಮದಲ್ಲಿ ಪ್ರಯತ್ನ ಮಾಡುತ್ತಾರೆ. ಮೂರನೆಯದಕ್ಕೆ ಬರುವ ಹೊತ್ತಿಗೆ ವರ್ಷ ಕಳೆದು, ಕಲಿತದ್ದರ ಮೇಲಿನ ನಂಬಿಕೆಯೂ ಕರಗಿರುತ್ತದೆ. ಹೊಸಬರಿಗೆ ಈ ಕ್ರಮ ತಿರುಗಾಮುರುಗಾ ಆಗಬೇಕು. ಮೊದಲ ಸಂಪಾದನೆ ಊರಿನ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿದೆ, ಮಿಕ್ಕ ಎರಡು ದಾರಿಗಳಿಗೂ ಬಾಗಿಲು ತೆರೆಯುವುದು ಅಲ್ಲಿಂದಲೇ.

ಕಂಪನಿ ನೌಕರಿಯ ಬಾಗಿಲು ಕಿರಿದಾಗಿರುವುದು ಎಲ್ಲರಿಗೂ ಕಾಣುತ್ತಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೊಸದಾಗಿ ಸೇರಿದವರಿಗೆ ಮೊದಲ ವರ್ಷ ಕೊಡುತ್ತಿದ್ದ ಕೆಲಸಗಳನ್ನು, ಎಂದರೆ ಸಣ್ಣ ಫಾರ್ಮ್ ಬರೆಯುವುದು, ಟೆಸ್ಟ್ ಬರೆಯುವುದು, ವರದಿ ತೆಗೆಯುವುದನ್ನು, ಈಗ ಎಐ ಸಾಧನಗಳು ನಿಮಿಷಗಳಲ್ಲಿ ಮಾಡುತ್ತವೆ. ಹಾಗೆಂದು ಅರ್ಜಿ ಹಾಕುವುದನ್ನು ಬಿಡಬೇಕಿಲ್ಲ. ಆದರೆ ಸಂದರ್ಶನದಲ್ಲಿ ಕೋರ್ಸಿನ ಪ್ರಮಾಣಪತ್ರಕ್ಕಿಂತ, ದಿನವೂ ಯಾರೋ ಬಳಸುತ್ತಿರುವ ಒಂದು ತಂತ್ರಾಂಶ ತೋರಿಸಿದರೆ ಮಾತಿಗೆ ತೂಕ ಬರುತ್ತದೆ. ಈ ಭಾಗದಲ್ಲಿ ಇನ್ನೊಂದು ಸಂಗತಿಯೂ ಇದೆ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇರುವುದರಿಂದ ಎಷ್ಟೋ ಜನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಲೇ ಕೋಡಿಂಗ್ ಕಲಿಯುತ್ತಾರೆ. ಅಂಥವರ ಕೈಯಲ್ಲಿ ದಿನಕ್ಕೆ ಮೂರು ನಾಲ್ಕು ತಾಸು ಮಾತ್ರ ಇರುತ್ತದೆ. ಊರಿನ ಕೆಲಸ ಈ ವೇಳಾಪಟ್ಟಿಗೆ ಹೊಂದುತ್ತದೆ, ಪೂರ್ಣಾವಧಿ ನೌಕರಿ ಹೊಂದುವುದಿಲ್ಲ.

ಆನ್‌ಲೈನ್ ಫ್ರೀಲಾನ್ಸಿಂಗ್‌ನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಅಪ್‌ವರ್ಕ್‌ನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಲು ‘ಕನೆಕ್ಟ್ಸ್’ ಎಂಬ ಟೋಕನ್‌ಗಳು ಬೇಕು, ಒಂದರ ಬೆಲೆ 0.15 ಡಾಲರ್. ಒಂದು ಅರ್ಜಿಗೆ 15 ಕನೆಕ್ಟ್ಸ್ ಹೋದರೆ ಎರಡೂಕಾಲು ಡಾಲರ್ ಆಯಿತು. ಡಾಲರಿಗೆ 85 ರೂಪಾಯಿ ಹಿಡಿದರೂ 190 ರೂಪಾಯಿ. ಹೆಸರು, ವಿಮರ್ಶೆ ಏನೂ ಇಲ್ಲದ ಹೊಸ ಖಾತೆಯಿಂದ 30 ಅರ್ಜಿ ಹಾಕಿದರೆ 5,700 ರೂಪಾಯಿ ಖರ್ಚು, ಉತ್ತರ ಬರುವ ಖಾತ್ರಿ ಇಲ್ಲ. ಕೆಲಸ ಸಿಕ್ಕರೆ ಗಳಿಕೆಯಲ್ಲಿ ತಾಣದ ಪಾಲು ಬೇರೆ. ಅಪ್‌ವರ್ಕ್ 2025ರ ಮೇ ತಿಂಗಳಿಂದ ಹೊಸ ಕರಾರುಗಳಿಗೆ ಸೊನ್ನೆಯಿಂದ ಶೇ 15ರವರೆಗೆ ಕಮಿಷನ್ ಹಿಡಿಯುತ್ತದೆ, ಫೈವರ್ ಶೇ 20 ಹಿಡಿಯುತ್ತದೆ. ಐವತ್ತು ಡಾಲರಿನ ಫೈವರ್ ಕೆಲಸದಲ್ಲಿ ಕೈಗೆ ಬರುವುದು ನಲವತ್ತು, ಅದರಲ್ಲೂ ರೂಪಾಯಿಗೆ ಬದಲಿಸುವಾಗ ಮತ್ತಷ್ಟು ಕಡಿತ.

ಅಲ್ಲಿ ಸೋಲುವ ಮುಖ್ಯ ಕಾರಣ ಪ್ರೊಫೈಲ್‌ನಲ್ಲಿದೆ. ‘ಫುಲ್ ಸ್ಟ್ಯಾಕ್ ಡೆವಲಪರ್’ ಎಂದು ಬರೆದುಕೊಂಡ ಹೊಸಬ, ಹತ್ತು ವರ್ಷದ ಅನುಭವಿಗಳ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾನೆ. ‘ಸ್ಕ್ಯಾನ್ ಮಾಡಿದ ಬಿಲ್ಲುಗಳಿಂದ ಎಕ್ಸೆಲ್ ಪಟ್ಟಿ ಮಾಡಿಕೊಡುತ್ತೇನೆ’, ‘ಕನ್ನಡ ಮತ್ತು ಹಿಂದಿ ಅಕ್ಷರ ಒಡೆಯದಂತೆ ಪಿಡಿಎಫ್ ತಯಾರಿಸುತ್ತೇನೆ’ ಎಂದು ಒಂದೇ ಒಂದು ಕೆಲಸ ಹೆಸರಿಸಿದವನಿಗೆ ಸ್ಪರ್ಧೆ ಕಡಿಮೆ. ಆ ಒಂದು ಕೆಲಸ ಯಾವುದು ಎಂಬುದು ಊರಿನ ಕೆಲಸ ಮಾಡುವಾಗ ಗೊತ್ತಾಗುತ್ತದೆ. ಹೊರದೇಶದ ಹಣ ಬಂದಾಗ ಬ್ಯಾಂಕು ಅದು ಯಾವ ಕೆಲಸಕ್ಕೆ ಬಂತೆಂದು ತಿಳಿಸುವ ‘ಪರ್ಪಸ್ ಕೋಡ್’ ಕೇಳುತ್ತದೆ. ತಂತ್ರಾಂಶ ಸಲಹೆ ಮತ್ತು ಅಳವಡಿಕೆಗೆ ಪಿ0802 ಎಂಬ ಕೋಡ್ ಇದೆ. ಹಣ ಬಂದಿದ್ದಕ್ಕೆ ಬ್ಯಾಂಕು ಇಲ್ಲವೇ ಪಾವತಿ ಕಂಪನಿ ಕೊಡುವ ಒಳರವಾನೆ ಪತ್ರವನ್ನು ಪ್ರತಿ ಸಲ ಇಳಿಸಿಟ್ಟುಕೊಳ್ಳಬೇಕು. ಎರಡು ವರ್ಷದ ಮೇಲೆ ತೆರಿಗೆ ಇಲಾಖೆ ಕೇಳಿದಾಗ ಹುಡುಕಲು ಆಗುವುದಿಲ್ಲ.

ಕೆಲಸ ಕೊಡಲು ನೋಂದಣಿ ಶುಲ್ಕ ಕೇಳುವವರು, ತಾಣ ಬಿಟ್ಟು ಟೆಲಿಗ್ರಾಂಗೆ ಬರಲು ಹೇಳುವವರು, ಮೊದಲು ಸಣ್ಣ ಮೊತ್ತ ಕೊಟ್ಟು ಆಮೇಲೆ ‘ಡಿಪಾಸಿಟ್’ ಕೇಳುವವರು, ಮೂವರೂ ವಂಚಕರು. ದುಡ್ಡು ಹೋದ ತಕ್ಷಣ, ಗಂಟೆಗಳೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಮೊತ್ತವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಟ್ಯಾಲಿಗೆ ಮುಂಚಿನ ಪುಸ್ತಕ

ಕಲಬುರಗಿಗೆ ತೊಗರಿ ಕಣಜ ಎಂಬ ಹೆಸರಿದೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ. ಗಂಜಿನ ಅಡತಿ ಅಂಗಡಿ, ದಾಲ್ ಮಿಲ್ಲುಗಳಿಗೆ ಹೋಗಿ ‘ಸಾಫ್ಟ್‌ವೇರ್ ಮಾಡಿಕೊಡುತ್ತೇನೆ’ ಎಂದರೆ ಬರುವ ಉತ್ತರ ಒಂದೇ: ‘ನಮ್ಮಲ್ಲಿ ಟ್ಯಾಲಿ ಐತಿ.’ ಟ್ಯಾಲಿ ಎಂದರೆ ವ್ಯಾಪಾರದ ಲೆಕ್ಕಪತ್ರ ಇಡುವ ತಂತ್ರಾಂಶ. ಹೊಸಬರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಕೆಲವರು ವಾಪಸ್ ಬರುತ್ತಾರೆ. ಇನ್ನು ಕೆಲವರು ಟ್ಯಾಲಿಗಿಂತ ಚೆಂದದ್ದನ್ನು ಬರೆಯಲು ಹೊರಡುತ್ತಾರೆ. ಟ್ಯಾಲಿಯನ್ನು ಮುಟ್ಟಬಾರದು. ಅಕೌಂಟೆಂಟ್, ಲೆಕ್ಕ ಪರಿಶೋಧಕ, ಜಿಎಸ್‌ಟಿ ರಿಟರ್ನ್ ಎಲ್ಲವೂ ಅದಕ್ಕೆ ಒಗ್ಗಿಹೋಗಿವೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅದನ್ನು ಹೊಸ ಪ್ರೋಗ್ರಾಮರ್ ಕೈಗೆ ಯಾವ ಮಾಲೀಕನೂ ಕೊಡುವುದಿಲ್ಲ, ಕೊಡಲೂಬಾರದು.

ಕೆಲಸ ಇರುವುದು ಟ್ಯಾಲಿಗೆ ಮುಂಚೆ. ಲಾರಿ ಬಂದ ಹೊತ್ತು, ಚೀಲದ ಎಣಿಕೆ, ತೂಕ, ತೇವಾಂಶ, ಯಾವ ಊರಿನ ಮಾಲು, ಯಾವ ಲಾಟ್ ಯಾವ ದಿನ ಮಿಲ್ಲಿಗೆ ಬಿತ್ತು, ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಚುನ್ನಿ (ಹೊಟ್ಟು, ಪುಡಿ), ಹಮಾಲಿ ಎಷ್ಟಾಯಿತು. ಇವೆಲ್ಲ ಹೆಚ್ಚಿನ ಕಡೆ ಇಂದಿಗೂ ಉದ್ದನೆಯ ನೋಟ್‌ಬುಕ್‌ನಲ್ಲಿರುತ್ತವೆ. ಟ್ಯಾಲಿಗೆ ಹೋಗುವುದು ಕೊನೆಯ ಮೊತ್ತ ಮಾತ್ರ.

ಈ ಪುಸ್ತಕದಲ್ಲೇ ಮಾಲೀಕನ ನಷ್ಟ ಅಡಗಿರುತ್ತದೆ. ತೊಗರಿಯಿಂದ ಬೇಳೆಯ ಇಳುವರಿ ಸಾಮಾನ್ಯವಾಗಿ ಶೇ 70ರಿಂದ 75. ಒಂದು ಲಾಟ್ ಶೇ 72 ಕೊಡಬೇಕಾದ ಜಾಗದಲ್ಲಿ 71 ಕೊಟ್ಟರೆ, 100 ಕ್ವಿಂಟಲ್ ತೊಗರಿಗೆ ಒಂದು ಕ್ವಿಂಟಲ್ ಬೇಳೆ ಕಡಿಮೆ. ಕೆ.ಜಿ.ಗೆ 100 ರೂಪಾಯಿ ಎಂದಿಟ್ಟುಕೊಂಡರೂ 10,000 ರೂಪಾಯಿ. ಕಾರಣ ಹಸಿ ಮಾಲು ಇರಬಹುದು, ರೋಲರ್ ಸವೆದಿರಬಹುದು, ಒಂದು ಊರಿನ ಮಾಲಿನಲ್ಲಿ ಕಲ್ಲುಮಣ್ಣು ಜಾಸ್ತಿ ಇರಬಹುದು. ಲಾಟ್‌ವಾರು ಇಳುವರಿಯನ್ನು ಮೂರು ತಿಂಗಳು ಒಂದೇ ಪಟ್ಟಿಯಲ್ಲಿ ಇಟ್ಟರೆ ಕಾರಣ ತಾನಾಗಿ ಕಾಣುತ್ತದೆ. ಇದಕ್ಕೆ ಬೇಕಾದ ಪ್ರೋಗ್ರಾಮಿಂಗ್ ಎರಡನೇ ತಿಂಗಳ ಪಾಠದಷ್ಟು ಸರಳ: ನಾಲ್ಕು ಟೇಬಲ್, ಒಂದು ಫಾರ್ಮ್, ಎರಡು ವರದಿ. ಬೆಲೆ ಬರುವುದು ಆ ಸರಳ ಕೋಡಿಗಲ್ಲ, ಯಾವ ಅಂಕಣಗಳು ಬೇಕು ಎಂದು ತಿಳಿದಿರುವುದಕ್ಕೆ.

ವ್ಯಾಪಾರದ ತಿಳಿವಳಿಕೆ ಎಷ್ಟು ಮುಖ್ಯ ಎನ್ನುವುದಕ್ಕೆ ಜಿಎಸ್‌ಟಿಯ ಒಂದು ನಿಯಮ ಸಾಕು. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 25 ಕೆ.ಜಿ.ವರೆಗಿನ ಚೀಲವಾದರೆ ಶೇ 5 ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. 25 ಮತ್ತು 30 ಕೆ.ಜಿ. ಚೀಲವನ್ನು ಒಂದೇ ಸರಕು ಎಂದು ಟೇಬಲ್‌ನಲ್ಲಿ ಬರೆದವನ ಬಿಲ್ಲು ಮೊದಲ ದಿನವೇ ತಪ್ಪುತ್ತದೆ. ಅಡತಿ, ಹಮಾಲಿ, ಮಾರುಕಟ್ಟೆ ಶುಲ್ಕ, ತೆರಿಗೆ ಯಾವ ದರವನ್ನೂ ಕೋಡಿನೊಳಗೆ ಬರೆಯಬಾರದು. ದರಗಳಿಗೆಂದೇ ಒಂದು ಟೇಬಲ್ ಮಾಡಿ, ‘ಯಾವ ತಾರೀಖಿನಿಂದ’ ಎಂಬ ಅಂಕಣ ಇಡಬೇಕು. ಇಲ್ಲದಿದ್ದರೆ ಸರ್ಕಾರ ದರ ಬದಲಿಸಿದ ದಿನ ಹಳೆಯ ಬಿಲ್ಲುಗಳ ಮೊತ್ತವೂ ಬದಲಾಗಿಬಿಡುತ್ತದೆ.

ಎಲ್ಲಿ ಕೈಕೊಡುತ್ತದೆ

ಹಣ ಮತ್ತು ತೂಕವನ್ನು ದಶಮಾಂಶದ ಫ್ಲೋಟ್ ಆಗಿ ಇಡುವುದು ಹೊಸಬರ ಸಾಮಾನ್ಯ ತಪ್ಪು. ಕಂಪ್ಯೂಟರಿನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ದಿನಕ್ಕೆ ಇನ್ನೂರು ಬಿಲ್ಲಿನಲ್ಲಿ ಇಂಥ ಮೊತ್ತಗಳನ್ನು ರೌಂಡ್ ಮಾಡುತ್ತ ಹೋದರೆ ಸಂಜೆ ಕ್ಯಾಶ್ ಮತ್ತು ವರದಿಯ ನಡುವೆ ಒಂದೆರಡು ರೂಪಾಯಿ ವ್ಯತ್ಯಾಸ ಬರಬಹುದು. ಎರಡು ರೂಪಾಯಿಯ ವ್ಯತ್ಯಾಸಕ್ಕೇ ಲೆಕ್ಕ ಬರೆಯುವ ಮುನೀಮರು ತಂತ್ರಾಂಶದ ಮೇಲಿನ ನಂಬಿಕೆ ಕಳೆದುಕೊಂಡು ನೋಟ್‌ಬುಕ್‌ಗೆ ಮರಳುತ್ತಾರೆ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಬೇಕು. ರೌಂಡ್ ಮಾಡುವುದು ಬಿಲ್ಲಿನ ಕೊನೆಯ ಸಾಲಿನಲ್ಲಿ ಒಂದೇ ಸಲ.

ಗ್ರಾಹಕರ ಗುರುತು ಇನ್ನೊಂದು ತೊಡಕು. ಒಂದೇ ಹಳ್ಳಿಯಲ್ಲಿ ನಾಲ್ಕು ಶರಣಪ್ಪ, ಮೂರು ಮಲ್ಲಿಕಾರ್ಜುನ ಇರುತ್ತಾರೆ. ಅದೇ ಹೆಸರನ್ನು ಒಬ್ಬ ಗುಮಾಸ್ತ ಒಂದು ರೀತಿ, ಇನ್ನೊಬ್ಬ ಇನ್ನೊಂದು ರೀತಿ ಬರೆದಿರುತ್ತಾನೆ. ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಇಡೋಣವೆಂದರೆ ಅಣ್ಣ, ತಮ್ಮ, ಅಪ್ಪ ಮೂವರಿಗೂ ಒಂದೇ ಸಂಖ್ಯೆ. ಆದ್ದರಿಂದ ತಂತ್ರಾಂಶವೇ ಕೊಡುವ ಒಂದು ಕ್ರಮಸಂಖ್ಯೆ ಬೇಕು, ಹುಡುಕಲು ಹೆಸರು, ತಂದೆಯ ಹೆಸರು, ಊರು, ಫೋನ್ ನಾಲ್ಕೂ ಇರಬೇಕು. ಊರಿನ ಹೆಸರನ್ನು ಟೈಪ್ ಮಾಡಲು ಬಿಡದೆ ತಾಲ್ಲೂಕುವಾರು ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಅರ್ಧ ಗೊಂದಲ ತಪ್ಪುತ್ತದೆ.

ಕನ್ನಡ ಅಕ್ಷರ ಬಹಳ ಜನರನ್ನು ಕಾಡುವ ಸಂಗತಿ, ಅಷ್ಟೇ ಅವಕಾಶವೂ ಹೌದು. ಫಾಂಟ್ ಸರಿಯಾಗಿದ್ದರೂ ಪಿಡಿಎಫ್‌ನಲ್ಲಿ ‘ಮಲ್ಲಿಕಾರ್ಜುನ’ದ ಒತ್ತು, ಅರ್ಕಾವತ್ತು ಪಕ್ಕಕ್ಕೆ ಸಿಡಿದು ಬೀಳುತ್ತವೆ. ಸರಳ ಪಿಡಿಎಫ್ ಲೈಬ್ರರಿಗಳು ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತವೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ. ಪರಿಹಾರ ಸುಲಭ: ಬಿಲ್ಲನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು, ಕ್ರೋಮಿಯಂ ಬ್ರೌಸರಿನಿಂದಲೋ ವೀಸಿಪ್ರಿಂಟ್‌ನಿಂದಲೋ ಪಿಡಿಎಫ್ ತೆಗೆಯಬೇಕು, ಇವೆರಡೂ ಅಕ್ಷರವನ್ನು ಸರಿಯಾಗಿ ಕಟ್ಟುತ್ತವೆ. ಅಂಗಡಿಯ ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಬರುವುದೇ ಇಲ್ಲ. ಅಕ್ಷರ ಕಳಿಸುವ ಬದಲು ಇಡೀ ಚೀಟಿಯನ್ನು ಕಪ್ಪುಬಿಳುಪು ಚಿತ್ರ ಮಾಡಿ ಕಳಿಸಬೇಕು. 58 ಮಿ.ಮೀ. ಪ್ರಿಂಟರ್‌ಗೆ ಚಿತ್ರದ ಅಗಲ 384 ಚುಕ್ಕೆ, 80 ಮಿ.ಮೀ.ಗೆ 576. ಅಳತೆ ಮೀರಿದರೆ ಬಲಬದಿ, ಅಂದರೆ ಮೊತ್ತದ ಅಂಕಣವೇ, ಕತ್ತರಿಸಿಹೋಗುತ್ತದೆ. ಪೈಥಾನ್‌ನ ಪಿಲ್ಲೋ ಬಳಸುವವರು ಅದರ ಜೊತೆ ಒತ್ತಕ್ಷರ ಕಟ್ಟುವ ಲಿಬ್‌ರಾಕ್ಮ್ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು, ಅದಿಲ್ಲದಿದ್ದರೆ ಚಿತ್ರದಲ್ಲೂ ಒತ್ತು ಒಡೆಯುತ್ತದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ವಿಚಿತ್ರ ಗುರುತುಗಳು ಕಂಡರೆ, ಬರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ಸಾಕು. ಹಳೆಯ ಕಂಪ್ಯೂಟರ್‌ಗಳಲ್ಲಿ ನುಡಿ, ಬರಹ ಫಾಂಟಿನ ಕಡತಗಳಿದ್ದರೆ ಅವು ಯೂನಿಕೋಡ್ ಅಲ್ಲದಿರಬಹುದು. ಪರಿವರ್ತಕದಿಂದ ಬದಲಿಸಿದ ಮೇಲೂ ಹೆಸರುಗಳನ್ನು ಕಣ್ಣಾರೆ ನೋಡಿಯೇ ಒಳಗೆ ಹಾಕಬೇಕು.

ವೇ ಬ್ರಿಡ್ಜ್ (ಲಾರಿ ತೂಗುವ ಯಂತ್ರ) ಕೆಲಸಕ್ಕೆ ಧೈರ್ಯ ಮಾಡುವ ಹೊಸಬರು ಕಡಿಮೆ, ಹಾಗಾಗಿಯೇ ಅದಕ್ಕೆ ಬೆಲೆ ಹೆಚ್ಚು. ತೂಕ ತೋರಿಸುವ ಇಂಡಿಕೇಟರ್‌ನ ಹಿಂದೆ ಆರ್‌ಎಸ್-232 ಪೋರ್ಟ್ ಇರುತ್ತದೆ. ಯುಎಸ್‌ಬಿ ಪರಿವರ್ತಕ ಹಾಕಿ ಪೈಥಾನ್‌ನ ಪೈಸೀರಿಯಲ್ ಲೈಬ್ರರಿಯಿಂದ ಓದಬಹುದು. ದತ್ತಾಂಶ ಬರುವ ವೇಗ 1200, 2400, 9600 ಹೀಗೆ ತಯಾರಕರಿಗೆ ತಕ್ಕಂತೆ ಬೇರೆ ಬೇರೆ. ಮೊದಲು ಯಾವ ಲೆಕ್ಕವನ್ನೂ ಮಾಡದೆ, ಐದು ನಿಮಿಷ ಬರುವ ಬೈಟ್‌ಗಳನ್ನು ಹಾಗೇ ಕಡತಕ್ಕೆ ಬರೆದುಕೊಂಡು ಮಾದರಿ ಅರ್ಥ ಮಾಡಿಕೊಳ್ಳಬೇಕು. ಲಾರಿ ನಿಲ್ಲುವಾಗ ಅಂಕೆ ಓಲಾಡುತ್ತದೆ, ಎರಡು ಮೂರು ಸೆಕೆಂಡ್ ಒಂದೇ ಅಂಕೆ ಬಂದರೆ ಮಾತ್ರ ತೂಕ ಹಿಡಿಯಬೇಕು. ಪರಿವರ್ತಕವನ್ನು ಬೇರೆ ರಂಧ್ರಕ್ಕೆ ಚುಚ್ಚಿದರೆ ಪೋರ್ಟಿನ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು, ತಂತ್ರಾಂಶ ನಿಂತುಹೋಗುತ್ತದೆ. ಅದಕ್ಕೆ ಪೋರ್ಟಿನ ಹೆಸರು ಸೆಟ್ಟಿಂಗ್‌ನಲ್ಲಿರಬೇಕು. ಒಂದು ವಿಷಯದಲ್ಲಿ ಸಡಿಲ ಬೇಡ: ಹಿಡಿದ ತೂಕವನ್ನು ಕೈಯಿಂದ ತಿದ್ದುವ ಅವಕಾಶ ಕೊಡಬಾರದು. ಮಾಲೀಕ ಕೇಳಿದರೂ ಕೊಡಬಾರದು. ತೂಕ ಮತ್ತು ಅಳತೆಗೆ 2009ರ ಕಾನೂನು ಮಾಪನ ಕಾಯ್ದೆ ಇದೆ. ರೈತನ ಒಂದು ಚೀಲ ಕಡಿಮೆ ತೋರಿಸುವ ಬಟನ್ ಬರೆದವನು ಆ ಮೋಸದಲ್ಲಿ ಪಾಲುದಾರನಾಗುತ್ತಾನೆ.

ದಿನದ ಕೊನೆಗೆ ಬಿಲ್ಲುಗಳನ್ನು ಟ್ಯಾಲಿಗೆ ಸಾಗಿಸಿದರೆ ಅಕೌಂಟೆಂಟ್‌ನ ಎರಡು ತಾಸು ಉಳಿಯುತ್ತದೆ, ಆಗ ಅವರೇ ನಿಮ್ಮ ಪರ ಮಾತಾಡುತ್ತಾರೆ. ಟ್ಯಾಲಿಪ್ರೈಮ್ ಎಕ್ಸ್‌ಎಂಎಲ್ ಸ್ವೀಕರಿಸುತ್ತದೆ, ಸರ್ವರ್ ಆಗಿ ತೆರೆದಾಗ ಸಾಮಾನ್ಯವಾಗಿ 9000 ಪೋರ್ಟ್. ಇಲ್ಲಿ ಸಿಕ್ಕಿಬೀಳುವ ಜಾಗಗಳು ಕೆಲವೇ. ಡೆಬಿಟ್ ಮೊತ್ತ ಋಣ ಚಿಹ್ನೆಯೊಂದಿಗೆ ಹೋಗಬೇಕು. ಲೆಡ್ಜರ್ ಹೆಸರು ಟ್ಯಾಲಿಯಲ್ಲಿ ಇದ್ದಂತೆಯೇ ಇರಬೇಕು. ಒಂದೇ ದಿನದ ಬಿಲ್ಲು ಎರಡು ಸಲ ಹೋಗದಂತೆ, ಕಳಿಸಿದ್ದಕ್ಕೆ ನಿಮ್ಮ ಟೇಬಲ್‌ನಲ್ಲಿ ಗುರುತು ಹಾಕಬೇಕು. ಮನೆಯಲ್ಲಿ ಟ್ಯಾಲಿಯ ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡ್‌ನಲ್ಲಿ ಪರೀಕ್ಷಿಸುವವರು ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹೋಗುತ್ತದೆ ಎಂಬುದು ಗೊತ್ತಿಲ್ಲದೆ ತಮ್ಮ ಕೋಡಿನಲ್ಲೇ ತಪ್ಪಿದೆ ಎಂದು ರಾತ್ರಿಯಿಡೀ ಹುಡುಕುತ್ತಾರೆ.

ಕರೆಂಟು ಹೋಗುತ್ತದೆ, ಇಂಟರ್ನೆಟ್ ಹೋಗುತ್ತದೆ. ಆದ್ದರಿಂದ ಬಿಲ್ಲು ಆಗುವುದು ಅಂಗಡಿಯ ಕಂಪ್ಯೂಟರಿನಲ್ಲೇ ಆಗಬೇಕು, ಕ್ಲೌಡ್ ಪ್ರತಿಗೆ ಮಾತ್ರ. ಒಬ್ಬರೇ ಬಳಸುವಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಧಾರಾಳ ಸಾಕು. ಪ್ರತಿ ಬಿಲ್ಲು ಒಂದು ಟ್ರಾನ್ಸಾಕ್ಷನ್, ಮುಗಿದ ಕೂಡಲೇ ಕಮಿಟ್. ತಂತ್ರಾಂಶ ಓಡುತ್ತಿರುವಾಗ ಡೇಟಾಬೇಸ್ ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಪ್ರತಿ ಕೆಟ್ಟಿರಬಹುದು, ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆ ಬಳಸಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಬಿಲ್ಲನ್ನು ಅಳಿಸುವ ಬಟನ್ ಬೇಡ, ‘ರದ್ದು’ ಮಾಡಿ ಕಾರಣ ಬರೆಸಬೇಕು. ಜಿಎಸ್‌ಟಿ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರದೆ, ಆ ಆರ್ಥಿಕ ವರ್ಷದಲ್ಲಿ ಮರುಕಳಿಸದೆ, ಸರಣಿ ತಪ್ಪದೆ ಇರಬೇಕು.

ಬೀದರ್, ಯಾದಗಿರಿಯಲ್ಲೂ ವಿಧಾನ ಇದೇ, ಪುಸ್ತಕ ಮಾತ್ರ ಬೇರೆ. ಯಾದಗಿರಿ ಕಡೆಯ ಜಿನ್ನಿಂಗ್ ಮಿಲ್ಲಿನಲ್ಲಿ ಒಂದು ಕ್ವಿಂಟಲ್ ಹತ್ತಿಗೆ ಎಷ್ಟು ಅರಳೆ, 170 ಕೆ.ಜಿ.ಯ ಬೇಲ್ ಎಷ್ಟಾಯಿತು ಎಂಬ ಲೆಕ್ಕ. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಊರುಗಳಲ್ಲಿ ಕಟಾವು ಯಂತ್ರದ ಗಂಟೆ, ಡೀಸೆಲ್, ಬಾಕಿ. ಬೀದರಿನಲ್ಲಿ ಕೋಚಿಂಗ್ ಮತ್ತು ಹಾಸ್ಟೆಲ್‌ಗಳ ಕಂತಿನ ಶುಲ್ಕ. ಬಿದರಿ ಕುಶಲಕರ್ಮಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆಸೆ ಹಲವರಿಗಿದೆ. ಆದರೆ ಅಲ್ಲಿ ಕೋಡಿಗಿಂತ ದೊಡ್ಡ ಕೆಲಸ ಕಪ್ಪು ಹೊಳಪಿನ ಮೇಲ್ಮೈಯ ಫೋಟೊ ತೆಗೆಯುವುದು ಮತ್ತು ಪಾರ್ಸೆಲ್ ಕಳಿಸುವುದು. ಆ ಎರಡಕ್ಕೂ ಜನ ಗೊತ್ತಾಗದೆ ಸೈಟ್ ಮಾಡಿದರೆ ಆರು ತಿಂಗಳಲ್ಲಿ ಅದು ಖಾಲಿ ಬೀಳುತ್ತದೆ.

ಬೆಲೆ ಹೇಳುವ ಲೆಕ್ಕ

ಮೊದಲ ಭೇಟಿಯಲ್ಲಿ ತಂತ್ರಾಂಶದ ಮಾತೇ ಬೇಡ. ಅರ್ಧ ದಿನ ಕೂತು ನೋಡಲು ಅನುಮತಿ ಕೇಳಿ, ಪುಸ್ತಕದ ಹತ್ತು ಪುಟಗಳ ಫೋಟೊ ಒಪ್ಪಿಗೆ ಪಡೆದೇ ತೆಗೆದುಕೊಂಡು, ಒಂದು ಎಕ್ಸೆಲ್ ಪಟ್ಟಿ ಮಾಡಿಕೊಡಬೇಕು. ಹಿಂದಿನ ಮೂರು ತಿಂಗಳ ಲಾಟ್‌ವಾರು ಇಳುವರಿ, ಅಥವಾ 90 ದಿನ ದಾಟಿದ ಬಾಕಿದಾರರ ಪಟ್ಟಿ. ಇದಕ್ಕೆ 2,000–3,000 ರೂಪಾಯಿ ಕೇಳುವುದು ನ್ಯಾಯ. ಪುಕ್ಕಟೆ ಮಾಡಿಕೊಡುವುದು ಸರಿಯಲ್ಲ, ಪುಕ್ಕಟೆ ಬಂದದ್ದನ್ನು ಯಾರೂ ತೆರೆದು ನೋಡುವುದಿಲ್ಲ. ಪಟ್ಟಿ ಮಾಲೀಕನಿಗೆ ಉಪಯೋಗಕ್ಕೆ ಬಂದರೆ ಮುಂದಿನ ಮಾತು ಅವನೇ ತೆಗೆಯುತ್ತಾನೆ. ಬಾರದಿದ್ದರೆ 55 ತಾಸು ಉಳಿಯಿತು.

55 ಎಂದರೆ ಹೀಗೆ. ದಾಲ್ ಮಿಲ್ಲಿನ ಒಳಬರುವ ಮಾಲು, ಇಳುವರಿ, ಚೀಟಿ ಮುದ್ರಣದ ಒಂದು ಸಣ್ಣ ತಂತ್ರಾಂಶಕ್ಕೆ ತಿಳಿದುಕೊಳ್ಳಲು 6 ತಾಸು, ಕೋಡ್ ಬರೆಯಲು 25, ಹಳೆಯ ಗ್ರಾಹಕರ ಪಟ್ಟಿ, ಬಾಕಿ ತುಂಬಲು 8, ಅಳವಡಿಸಿ ಕಲಿಸಲು 6, ಮೊದಲ ತಿಂಗಳ ತಿದ್ದುಪಡಿಗೆ 10. ಹೊಸಬರು 25 ತಾಸನ್ನಷ್ಟೇ ಎಣಿಸಿ, ತಾಸಿಗೆ 200ರಂತೆ 5,000 ರೂಪಾಯಿ ಹೇಳುತ್ತಾರೆ. ಕೊನೆಗೆ ತಾಸಿಗೆ 91 ರೂಪಾಯಿಯಷ್ಟೇ ಬಿದ್ದಿರುತ್ತದೆ, ಬೇಸರದಿಂದ ಫೋನ್ ಎತ್ತುವುದು ನಿಲ್ಲಿಸುತ್ತಾರೆ, ಊರಿನಲ್ಲಿ ಹೆಸರು ಕೆಡುತ್ತದೆ. ಸರಿಯಾದ ಬೆಲೆ 11,000. ಚೌಕಾಸಿ ಬಂದಾಗ ಬೆಲೆ ಇಳಿಸುವ ಬದಲು ಕೆಲಸ ಇಳಿಸಬೇಕು: ‘ಹಳೆಯ ಪಟ್ಟಿ ನಿಮ್ಮ ಹುಡುಗ ತುಂಬಲಿ, 1,600 ಕಡಿಮೆ ಮಾಡುತ್ತೇನೆ.’

ಹಣವನ್ನು ಮೂರು ಕಂತಿನಲ್ಲಿ ಪಡೆಯಬೇಕು: ಶೇ 40 ಮುಂಗಡ, ಅವರದೇ ದತ್ತಾಂಶದ ಮೇಲೆ ಓಡಿಸಿ ತೋರಿಸಿದಾಗ 40, ನೋಟ್‌ಬುಕ್ ಜೊತೆಜೊತೆಗೆ 15 ದಿನ ಓಡಿ ಎರಡೂ ಲೆಕ್ಕ ತಾಳೆಯಾದ ಮೇಲೆ 20. ಒಂದು ಪುಟದ ಕರಾರಿನಲ್ಲಿ ಏನೇನು ಸೇರಿದೆ ಎನ್ನುವುದಕ್ಕಿಂತ ಏನೇನು ಸೇರಿಲ್ಲ ಎಂದು ಬರೆಯುವುದು ಮುಖ್ಯ. ಪ್ರಿಂಟರ್ ರಿಪೇರಿ, ವೈರಸ್, ವಿಂಡೋಸ್ ಮರುಸ್ಥಾಪನೆ ಸೇರಿಲ್ಲ ಎಂದು ಬರೆಯದಿದ್ದರೆ ಅವೆಲ್ಲ ನಿಮ್ಮ ತಲೆಗೇ ಬರುತ್ತವೆ. ಡೊಮೇನ್, ಹೋಸ್ಟಿಂಗ್ ಇದ್ದರೆ ಗ್ರಾಹಕರ ಇಮೇಲ್, ಗ್ರಾಹಕರ ಹೆಸರಿನಲ್ಲೇ ಕೊಳ್ಳಬೇಕು. ಪಾಸ್‌ವರ್ಡ್ ಹಿಡಿದಿಟ್ಟುಕೊಂಡು ಬಾಕಿ ವಸೂಲಿ ಮಾಡುವ ಹಾದಿ ಬಹಳ ಬೇಗ ಜಗಳಕ್ಕೆ ಮುಟ್ಟುತ್ತದೆ.

ಬಾಕಿ ವಸೂಲಿಗೆ ಕಾನೂನಿನ ಆಸರೆ ಇದೆ. ಆಧಾರ್, ಪ್ಯಾನ್ ಇದ್ದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರದ ‘ಉದ್ಯಮ್’ ನೋಂದಣಿ ಉಚಿತ. ಕೆಲಸಕ್ಕೆ ಮೊದಲೇ ನೋಂದಾಯಿಸಿದ ಕಿರು ಸೇವಾ ಉದ್ಯಮಕ್ಕೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ, ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹತ್ತು ಸಾವಿರಕ್ಕೆ ಯಾರೂ ದೂರು ಕೊಡಲು ಹೋಗುವುದಿಲ್ಲ, ನಿಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇದ್ದರೆ ಗ್ರಾಹಕರ ಲೆಕ್ಕ ಪರಿಶೋಧಕರೇ ಬೇಗ ಪಾವತಿಸಲು ಹೇಳುತ್ತಾರೆ, ಏಕೆಂದರೆ ಗಡುವು ಮೀರಿ ಆರ್ಥಿಕ ವರ್ಷವೂ ಮುಗಿದರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಬರುವುದಿಲ್ಲ.

ತೆರಿಗೆಗೆ ಹೆದರಿ ನಗದಿನಲ್ಲೇ ವ್ಯವಹಾರ ಮಾಡುವ ಅಗತ್ಯ ಇಲ್ಲ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ಆದಾಯ ತೆರಿಗೆಯಲ್ಲಿ ವೃತ್ತಿಪರರಿಗೆ ಅಂದಾಜು ಆದಾಯದ ಪದ್ಧತಿ ಇದೆ, ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯ ಎಂದು ತೋರಿಸಬಹುದು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ 2025–26ರಿಂದ ತೆರಿಗೆ ಬೀಳುವುದಿಲ್ಲ. ಕಂಪನಿ ಗ್ರಾಹಕರು ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು. ಪ್ಯಾನ್ ಕೊಡದಿದ್ದರೆ ಶೇ 20ರಂತೆ ಹಿಡಿಯುತ್ತಾರೆ. ಮೂರು ವರ್ಷದ ರಿಟರ್ನ್ ಮುಂದೆ ಬ್ಯಾಂಕ್ ಸಾಲಕ್ಕೆ ದಾಖಲೆಯಾಗುತ್ತದೆ.

ಎಐ ಸಾಧನ ಬಳಸಿದರೆ 25 ತಾಸಿನ ಕೋಡಿಂಗ್ 10 ತಾಸಿಗೆ ಇಳಿಯಬಹುದು. ಉಳಿದ 30 ತಾಸು ಇಳಿಯುವುದಿಲ್ಲ, ಗಂಜಿನಲ್ಲಿ ಕೂತು ನೋಡುವ ಕೆಲಸ ಅದಕ್ಕೆ ಬರುವುದಿಲ್ಲ. ಎರಡು ಎಚ್ಚರ ಬೇಕು. ನಿಮಗೆ ಸಾಲುಸಾಲಾಗಿ ವಿವರಿಸಲು ಆಗದ ಕೋಡನ್ನು ಗ್ರಾಹಕರಲ್ಲಿ ಅಳವಡಿಸಬೇಡಿ, ಸಂಜೆ ಏಳಕ್ಕೆ ಲಾರಿ ನಿಂತಿರುವಾಗ ತಂತ್ರಾಂಶ ನಿಂತರೆ ತಿದ್ದಬೇಕಾದವರು ನೀವು. ಎರಡನೆಯದು, ಗ್ರಾಹಕರ ಖಾತೆ, ರೈತರ ಫೋನ್, ಆಧಾರ್ ಸಂಖ್ಯೆಗಳನ್ನು ಎಐ ಚಾಟ್‌ಗೆ ಅಂಟಿಸಬಾರದು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಗಂಜಿನಲ್ಲಿ ಒಬ್ಬರ ಬಾಕಿ ಇನ್ನೊಬ್ಬರಿಗೆ ತಿಳಿದರೆ ಮತ್ತೆ ಯಾರೂ ನಿಮಗೆ ಪುಸ್ತಕ ತೋರಿಸುವುದಿಲ್ಲ. ಪರೀಕ್ಷೆಗೆ ಬೇಕಾದರೆ ಹೆಸರು, ಸಂಖ್ಯೆ ಬದಲಿಸಿದ ನಕಲಿ ಪಟ್ಟಿ ಮಾಡಿಕೊಳ್ಳಬೇಕು.

ನಿಜವಾದ ಸಂಪಾದನೆ ಎರಡನೇ ಗ್ರಾಹಕರಿಂದ ಶುರುವಾಗುತ್ತದೆ. ಎರಡನೇ ದಾಲ್ ಮಿಲ್ಲಿಗೆ ತಿಳಿದುಕೊಳ್ಳಲು 2 ತಾಸು, ಬದಲಾವಣೆಗೆ 5, ಪಟ್ಟಿ ತುಂಬಲು 8, ಕಲಿಸಲು 5, ತಿದ್ದುಪಡಿಗೆ 4. ಒಟ್ಟು 24 ತಾಸಿಗೆ 10,000 ಪಡೆದರೂ ತಾಸಿಗೆ ಸುಮಾರು 417 ರೂಪಾಯಿ. ಅದಕ್ಕೇ ಮೊದಲ ಕೆಲಸ ದಾಲ್ ಮಿಲ್ಲು, ಎರಡನೆಯದು ಆಸ್ಪತ್ರೆ, ಮೂರನೆಯದು ಬಟ್ಟೆ ಅಂಗಡಿ ಎಂದು ಹಾರುವವರು ಪ್ರತಿ ಸಲ 55 ತಾಸಿನಿಂದಲೇ ಶುರುಮಾಡಬೇಕಾಗುತ್ತದೆ. ವಾರ್ಷಿಕ ನಿರ್ವಹಣೆಗೆ ಮಿಲ್ಲಿಗೆ 2,000ದಂತೆ ಐದು ಮಿಲ್ಲು ಸೇರಿದರೆ 10,000, ಮಾಲು ಬಾರದ ಮಳೆಗಾಲದ ತಿಂಗಳುಗಳಲ್ಲಿ ಕೈ ಹಿಡಿಯುವುದು ಅದೇ. ಆದರೆ ಪ್ರತಿ ಮಿಲ್ಲಿಗೆ ಕೋಡಿನ ಬೇರೆ ನಕಲು ಮಾಡಿ, ಅಲ್ಲಲ್ಲೇ ತಿದ್ದುತ್ತ ಹೋದರೆ ಐದನೇ ಮಿಲ್ಲಿನ ಹೊತ್ತಿಗೆ ಒಂದು ದೋಷವನ್ನು ಐದು ಕಡೆ ಹುಡುಕಬೇಕು. ಮಿಲ್ಲಿನ ಹೆಸರು, ಚೀಟಿಯ ವಿನ್ಯಾಸ, ದರಗಳು, ಪ್ರಿಂಟರಿನ ಅಗಲ, ವೇ ಬ್ರಿಡ್ಜ್ ಪೋರ್ಟ್ ಎಲ್ಲವನ್ನೂ ಒಂದು ಸೆಟ್ಟಿಂಗ್ಸ್ ಕಡತಕ್ಕೆ ತಂದು, ಕೋಡ್ ಎಲ್ಲರಿಗೂ ಒಂದೇ ಇರುವಂತೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡಬೇಕು. ಈ ಬದಲಾವಣೆಗೆ ಸರಿಯಾದ ಸಮಯ ಮೊದಲ ಮಿಲ್ಲಿನ ಕೊನೆಯ ಶೇ 20 ಹಣ ಬಂದ ವಾರ, ಎರಡನೆಯವರ ಮುಂಗಡ ತೆಗೆದುಕೊಳ್ಳುವುದಕ್ಕೆ ಮೊದಲು.